ವಿಮಾನದಲ್ಲಿ ಸೀಟು ಖಾಲಿ, ಪರದೆಯಲ್ಲಿ ‘2 ಮಾತ್ರ ಬಾಕಿ’: ಲಭ್ಯತೆಯ ಲೆಕ್ಕ ನಡೆಯುವುದು ಹೇಗೆ?

ಬೆಂಗಳೂರಿನಿಂದ ದೆಹಲಿಗೆ ಮೂರು ವಾರದ ನಂತರದ ಯಾವುದಾದರೂ ಒಂದು ದಿನಕ್ಕೆ ವಿಮಾನ ಹುಡುಕಿದರೆ, ದರದ ಕೆಳಗೆ ಕೆಂಪು ಅಕ್ಷರದಲ್ಲಿ ‘ಈ ದರದಲ್ಲಿ 2 ಸೀಟು ಮಾತ್ರ ಬಾಕಿ’ ಎಂಬ ಸೂಚನೆ ಕಾಣಿಸುವುದು ಸಾಮಾನ್ಯ. ಅದೇ ವಿಮಾನದ ಸೀಟ್ ಮ್ಯಾಪ್ ತೆರೆದರೆ ಅರ್ಧಕ್ಕೂ ಹೆಚ್ಚು ಚೌಕಗಳು ಖಾಲಿ ಇರುತ್ತವೆ. ಇವೆರಡರಲ್ಲಿ ಒಂದು ಸುಳ್ಳಿರಲೇಬೇಕು ಎಂದು ಅನೇಕರು ತೀರ್ಮಾನಿಸಿಬಿಡುತ್ತಾರೆ. ಹೆಚ್ಚಿನ ಸಂದರ್ಭಗಳಲ್ಲಿ ಎರಡೂ ನಿಜವೇ. ಯಾವ ಕುರ್ಚಿಗೆ ಇನ್ನೂ ಯಾರ ಹೆಸರೂ ಬಿದ್ದಿಲ್ಲ ಎಂಬುದನ್ನು ಸೀಟ್ ಮ್ಯಾಪ್ ತೋರಿಸುತ್ತದೆ. ಈ ಗಳಿಗೆಯಲ್ಲಿ, ಈ ಪ್ರಯಾಣಕ್ಕೆ, ಈ ದರಕ್ಕೆ ಇನ್ನೆಷ್ಟು ಟಿಕೆಟ್ ಮಾರಲು ಸಂಸ್ಥೆ ಒಪ್ಪಿದೆ ಎಂಬುದನ್ನು ಕೆಂಪು ಅಕ್ಷರದ ಅಂಕಿ ಹೇಳುತ್ತದೆ. ವಿಮಾನಯಾನದ ವ್ಯವಹಾರದಲ್ಲಿ ‘ಲಭ್ಯತೆ’ ಎನ್ನುವುದು ಖಾಲಿ ಕುರ್ಚಿಗಳನ್ನು ಎಣಿಸಿ ಬರೆದ ಸಂಖ್ಯೆಯಲ್ಲ. ಅದು ಸಂಸ್ಥೆ ದಿನಕ್ಕೆ ಹಲವು ಬಾರಿ ಕೈಗೊಳ್ಳುವ, ಹಲವು ಬಾರಿ ಬದಲಿಸುವ ಒಂದು ತೀರ್ಮಾನ. ಹುಡುಕಾಟದ ಫಲಿತಾಂಶಗಳಲ್ಲಿ ನಮ್ಮನ್ನು ಗೊಂದಲಕ್ಕೆ ಕೆಡಹುವ ಬಹುಪಾಲು ಸಂಗತಿಗಳು ಈ ಒಂದು ಮಾತಿನಿಂದ ಬಿಡಿಸಿಕೊಳ್ಳುತ್ತವೆ.

ಸೀಟ್ ಮ್ಯಾಪ್‌ನ ವಿಷಯವನ್ನು ಮೊದಲು ಮುಗಿಸಿಬಿಡಬಹುದು. ನಮ್ಮ ದೇಶದ ಕಡಿಮೆ ದರದ ಸಂಸ್ಥೆಗಳಲ್ಲಿ ಟಿಕೆಟ್ ಬೇರೆ, ಕುರ್ಚಿಯ ಆಯ್ಕೆ ಬೇರೆ. ಆಯ್ಕೆಗೆ ಹೆಚ್ಚುವರಿ ಹಣ ಕೊಡಬೇಕಾದ್ದರಿಂದ ಬಹಳಷ್ಟು ಜನ ಅದನ್ನು ಬಿಟ್ಟು, ವೆಬ್ ಚೆಕ್-ಇನ್ ತೆರೆದಾಗ ಸಿಕ್ಕಿದ್ದನ್ನು ತೆಗೆದುಕೊಳ್ಳುತ್ತಾರೆ. ಆದ್ದರಿಂದ 186 ಆಸನಗಳ ಎ320 ವಿಮಾನದಲ್ಲಿ 150 ಟಿಕೆಟ್ ಮಾರಾಟವಾಗಿದ್ದು, ಅವರಲ್ಲಿ 50 ಮಂದಿ ಮಾತ್ರ ಹಣ ಕೊಟ್ಟು ಕುರ್ಚಿ ಆರಿಸಿಕೊಂಡಿದ್ದರೆ, ನಕ್ಷೆಯಲ್ಲಿ 136 ಚೌಕ ಖಾಲಿ ಕಾಣುತ್ತವೆ; ನಿಜವಾಗಿ ಮಾರಲು ಉಳಿದದ್ದು 36. ಇದಕ್ಕೆ ವಿರುದ್ಧವಾದದ್ದೂ ನಡೆಯುತ್ತದೆ: ಮುಂದಿನ ಸಾಲುಗಳನ್ನೂ ತುರ್ತು ನಿರ್ಗಮನದ ಸಾಲುಗಳನ್ನೂ ಸಂಸ್ಥೆಯೇ ತಡೆಹಿಡಿದಿದ್ದಾಗ ವಿಮಾನ ಇರುವುದಕ್ಕಿಂತ ಹೆಚ್ಚು ತುಂಬಿದಂತೆ ತೋರುತ್ತದೆ. ಕೆಲವು ಸಂಸ್ಥೆಗಳು ಬಾರದೆ ಉಳಿಯುವವರ ಅಂದಾಜಿನ ಮೇಲೆ ಇರುವ ಕುರ್ಚಿಗಳಿಗಿಂತ ಹೆಚ್ಚು ಟಿಕೆಟ್ ಮಾರುವುದೂ ಉಂಟು. ಅದಕ್ಕೆಂದೇ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಪರಿಹಾರದ ನಿಯಮ ಮಾಡಿದೆ: ಖಚಿತ ಟಿಕೆಟ್ ಇದ್ದೂ ಹತ್ತಿಸಿಕೊಳ್ಳದೆ, ಒಂದು ಗಂಟೆಯೊಳಗೆ ಹೊರಡುವ ಬದಲಿ ವಿಮಾನವನ್ನೂ ಕೊಡದಿದ್ದರೆ, 24 ಗಂಟೆಯೊಳಗೆ ಬದಲಿ ಒದಗಿಸಿದಲ್ಲಿ ಗರಿಷ್ಠ 10,000 ರೂಪಾಯಿ, ಅದಕ್ಕೂ ತಡವಾದಲ್ಲಿ ಗರಿಷ್ಠ 20,000 ರೂಪಾಯಿ. ಖಾಲಿ ಚೌಕಗಳನ್ನು ನೋಡಿ ‘ಇನ್ನೂ ಬೇಕಾದಷ್ಟು ಜಾಗವಿದೆ, ನಾಳೆ ಮಾಡಿದರಾಯಿತು’ ಎನ್ನುವುದೂ, ತುಂಬಿದ ಚೌಕಗಳನ್ನು ನೋಡಿ ಗಾಬರಿಗೊಳ್ಳುವುದೂ ಎರಡೂ ಆಧಾರವಿಲ್ಲದ ಲೆಕ್ಕಾಚಾರ.

ಇನ್ನು ಮುಖ್ಯ ವಿಷಯ. ಹೊರನೋಟಕ್ಕೆ ಒಂದೇ ಬಗೆಯ ಕುರ್ಚಿಗಳಿರುವ ಇಕಾನಮಿ ವಿಭಾಗ, ಮಾರಾಟದ ಕಂಪ್ಯೂಟರಿನಲ್ಲಿ ಹತ್ತು ಹದಿನೈದು ಮೆಟ್ಟಿಲುಗಳ ಏಣಿಯಾಗಿರುತ್ತದೆ. ಪ್ರತಿ ಮೆಟ್ಟಿಲಿಗೂ ಇಂಗ್ಲಿಷ್ ವರ್ಣಮಾಲೆಯ ಒಂದು ಅಕ್ಷರ. ದೊಡ್ಡ ಸಂಸ್ಥೆಗಳಲ್ಲಿ ‘ವೈ’ ಎಂದರೆ ಪೂರ್ಣ ದರದ ಇಕಾನಮಿ. ‘ಬಿ’, ‘ಎಂ’, ‘ಎಚ್’, ‘ಕ್ಯು’, ‘ಎಲ್’ ಮುಂತಾದವು ಅದಕ್ಕಿಂತ ಕೆಳಗಿನವು. ಯಾವ ಅಕ್ಷರ ಎಷ್ಟು ಕೆಳಗೆ ಎಂಬುದು ಸಂಸ್ಥೆಯಿಂದ ಸಂಸ್ಥೆಗೆ ಬದಲಾಗುತ್ತದೆ. ಈ ಮೆಟ್ಟಿಲುಗಳನ್ನು ಉದ್ಯಮದವರು ಬಕೆಟ್ ಎಂದೋ ಫೇರ್ ಕ್ಲಾಸ್ ಎಂದೋ ಕರೆಯುತ್ತಾರೆ. ಪಕ್ಕಪಕ್ಕದ ಕುರ್ಚಿಯಲ್ಲಿ ಕೂತ ಇಬ್ಬರು ಬೇರೆ ಬೇರೆ ಮೆಟ್ಟಿಲಿನಲ್ಲಿ ಟಿಕೆಟ್ ಕೊಂಡಿರಬಹುದು. ಕಾಫಿ ಒಂದೇ, ಕಾಲು ಚಾಚುವ ಜಾಗವೂ ಒಂದೇ, ಆದರೆ ರದ್ದತಿಯ ಶುಲ್ಕ, ದಿನಾಂಕ ಬದಲಿಸುವ ಅವಕಾಶ, ಕೊಟ್ಟ ಹಣ ಬೇರೆ. ಟ್ರಾವೆಲ್ ಏಜೆಂಟರ ಪರದೆಯಲ್ಲಿ ಪ್ರತಿ ಅಕ್ಷರದ ಮುಂದೆ ಒಂದು ಅಂಕಿ ಇರುತ್ತದೆ, ಅದು ಸಾಮಾನ್ಯವಾಗಿ 9ಕ್ಕಿಂತ ಮೇಲೆ ಹೋಗುವುದಿಲ್ಲ. ಅಲ್ಲಿ 9 ಎಂದರೆ ‘ಒಂಬತ್ತು ಅಥವಾ ಅದಕ್ಕಿಂತ ಹೆಚ್ಚು’ ಎಂದಷ್ಟೇ ಅರ್ಥ. ನಮ್ಮ ಕೆಂಪು ಅಕ್ಷರದ 2, ಅತ್ಯಂತ ಕೆಳಗೆ ತೆರೆದಿರುವ ಮೆಟ್ಟಿಲಿನ ಅಂಕಿ. ಆ ಎರಡು ಟಿಕೆಟ್ ಮಾರಾಟವಾದರೆ ವಿಮಾನ ತುಂಬುವುದಿಲ್ಲ, ದರ ಮುಂದಿನ ಮೆಟ್ಟಿಲಿಗೆ ಏರುತ್ತದೆ.

ಇದರ ಸರಳ ರೂಪವೊಂದು ನಮ್ಮ ಜನಕ್ಕೆ ರೈಲಿನಿಂದ ಪರಿಚಿತ. 2016ರ ಸೆಪ್ಟೆಂಬರ್ 9ರಿಂದ ರಾಜಧಾನಿ, ಶತಾಬ್ದಿ, ದುರಂತೊ ರೈಲುಗಳಲ್ಲಿ ಜಾರಿಗೆ ಬಂದ ಫ್ಲೆಕ್ಸಿ ದರದಲ್ಲಿ, ಪ್ರತಿ ಶೇ 10ರಷ್ಟು ಬರ್ತ್ ಮಾರಾಟವಾದಂತೆ ಮೂಲ ದರ ಶೇ 10ರಷ್ಟು ಏರುತ್ತ, ಹೆಚ್ಚಿನ ದರ್ಜೆಗಳಲ್ಲಿ ಒಂದೂವರೆ ಪಟ್ಟಿಗೆ ನಿಲ್ಲುತ್ತಿತ್ತು. ಅಲ್ಲಿ ಮೆಟ್ಟಿಲುಗಳ ಎತ್ತರವೂ ಅಗಲವೂ ಎಲ್ಲರಿಗೂ ಮೊದಲೇ ತಿಳಿದದ್ದು. ವಿಮಾನದಲ್ಲಿ ಎರಡೂ ಗುಟ್ಟು, ಎರಡೂ ಚಲನಶೀಲ. ಬೆಳಿಗ್ಗೆ 40 ಟಿಕೆಟ್ ಇಟ್ಟಿದ್ದ ಕೆಳ ಮೆಟ್ಟಿಲಿಗೆ ಸಂಜೆ ಬೇಡಿಕೆ ಕಂಡು 25 ಎಂದು ಕಡಿತ ಹಾಕಬಹುದು, ಎರಡು ದಿನ ಬಿಟ್ಟು ಮಾರಾಟ ಮಂದವಾದರೆ 50ಕ್ಕೆ ಏರಿಸಬಹುದು. ರೈಲಿನ ಆರ್‌ಎಸಿ, ವೇಟಿಂಗ್ ಲಿಸ್ಟ್‌ಗಳಂತೆ ಸಾಲಿನಲ್ಲಿ ನಾನೆಷ್ಟನೆಯವನು ಎಂದು ತಿಳಿಯುವ ಸೌಕರ್ಯವೂ ಇಲ್ಲಿಲ್ಲ.

ಮೇಲಿನ ಮೆಟ್ಟಿಲಿಗೆಂದು ಕುರ್ಚಿಗಳನ್ನು ಖಾಲಿ ಇಟ್ಟುಕೊಂಡು ಕಾಯುವುದು ಏಕೆ? ಈ ಪ್ರಶ್ನೆಗೆ 1972ರಲ್ಲಿ ಬ್ರಿಟನ್ನಿನ ಬಿಒಎಸಿ ವಿಮಾನಯಾನ ಸಂಸ್ಥೆಯಲ್ಲಿದ್ದ ಕೆನ್ ಲಿಟಲ್‌ವುಡ್ ಕೊಟ್ಟ ಉತ್ತರ ಇಂದಿಗೂ ಈ ವ್ಯವಹಾರದ ಅಡಿಪಾಯ. ಅದನ್ನು ಒಂದು ಕಲ್ಪಿತ ಉದಾಹರಣೆಯಲ್ಲಿ ಬಿಡಿಸಿ ನೋಡಬಹುದು. 180 ಆಸನಗಳ ವಿಮಾನದಲ್ಲಿ ಎರಡೇ ದರಗಳಿವೆ ಎಂದಿಟ್ಟುಕೊಳ್ಳಿ: ಮುಂಚಿತವಾಗಿ ಕೊಳ್ಳುವವರಿಗೆ 4,000 ರೂಪಾಯಿ, ಕೊನೆಯ ವಾರದಲ್ಲಿ ಬರುವವರಿಗೆ 12,000 ರೂಪಾಯಿ. ಈಗ ಒಬ್ಬರು 4,000 ಹಿಡಿದು ನಿಂತಿದ್ದಾರೆ. ಅವರಿಗೆ ಕುರ್ಚಿ ಕೊಟ್ಟರೆ 4,000 ಖಚಿತ. ಕೊಡದೆ ಕಾದರೆ 12,000 ಬರಬಹುದು, ಬಾರದೆಯೂ ಹೋಗಬಹುದು. 4,000 ಎಂಬುದು 12,000ದ ಮೂರನೇ ಒಂದು ಭಾಗವಾದ್ದರಿಂದ, ಆ ಕುರ್ಚಿಗೆ ದುಬಾರಿ ಗಿರಾಕಿ ಬರುವ ಸಂಭವ ಮೂರರಲ್ಲಿ ಒಂದಕ್ಕಿಂತ ಹೆಚ್ಚಿದ್ದರೆ ಕಾಯುವುದೇ ಲಾಭ. ಹಳೆಯ ಅಂಕಿಅಂಶಗಳ ಪ್ರಕಾರ ಕೊನೆಯ ವಾರದಲ್ಲಿ ಕನಿಷ್ಠ 20 ಮಂದಿ ಬರುವ ಸಂಭವ ಶೇ 60, ಕನಿಷ್ಠ 30 ಮಂದಿ ಬರುವ ಸಂಭವ ಶೇ 34, ಕನಿಷ್ಠ 31 ಮಂದಿ ಬರುವ ಸಂಭವ ಶೇ 31 ಎಂದಾದರೆ, 30 ಕುರ್ಚಿಗಳನ್ನು ಕಾದಿರಿಸಿ 150ನ್ನು ಮಾತ್ರ ಕಡಿಮೆ ದರಕ್ಕೆ ಬಿಡಬೇಕು. 150ನೆಯ ಟಿಕೆಟ್ ಹೋದ ಕೂಡಲೇ ಕಡಿಮೆ ದರ ಪರದೆಯಿಂದ ಮಾಯ. ಆಗಲೂ 30 ಕುರ್ಚಿ ಖಾಲಿಯೇ. ಕೊನೆಗೆ ಆ 30ರಲ್ಲಿ ಹತ್ತು ಖಾಲಿಯಾಗಿಯೇ ಹಾರಿದರೂ ಲೆಕ್ಕ ತಪ್ಪಿತೆಂದು ಸಂಸ್ಥೆ ಕೊರಗುವುದಿಲ್ಲ, ಏಕೆಂದರೆ ಲೆಕ್ಕ ಮಾಡಿದ್ದು ಒಂದು ದಿನದ ವಿಮಾನಕ್ಕಲ್ಲ, ವರ್ಷದುದ್ದಕ್ಕೂ ಹಾರುವ ನೂರಾರು ವಿಮಾನಗಳ ಸರಾಸರಿಗೆ.

ಎರಡು ದರಗಳ ಈ ಸೂತ್ರವನ್ನು ಹಲವು ಮೆಟ್ಟಿಲುಗಳಿಗೆ ಹಿಗ್ಗಿಸುವ ವಿಧಾನವನ್ನು 1980ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪೀಟರ್ ಬೆಲೊಬಾಬಾ ರೂಪಿಸಿದರು. ಅಷ್ಟರಲ್ಲಿ ಅಮೆರಿಕದಲ್ಲಿ 1978ರ ಕಾಯ್ದೆ ದರಗಳ ಮೇಲಿನ ಸರ್ಕಾರಿ ಹಿಡಿತವನ್ನು ಕಿತ್ತುಹಾಕಿತ್ತು. ಪೀಪಲ್ ಎಕ್ಸ್‌ಪ್ರೆಸ್‌ನಂತಹ ಅಗ್ಗದ ಸಂಸ್ಥೆಗಳ ಸ್ಪರ್ಧೆಗೆ ಉತ್ತರವಾಗಿ 1985ರಲ್ಲಿ ಅಮೆರಿಕನ್ ಏರ್‌ಲೈನ್ಸ್, ಮಿತ ಸಂಖ್ಯೆಯ ಸೀಟುಗಳನ್ನು ಅಷ್ಟೇ ಅಗ್ಗವಾಗಿ, ಉಳಿದವನ್ನು ಹಳೆಯ ದರಕ್ಕೇ ಮಾರುವ ತಂತ್ರದಿಂದ ಗೆದ್ದಿತು. ಭಾರತದಲ್ಲಿ 1994ರ ಮಾರ್ಚ್‌ನಲ್ಲಿ, ವಿಮಾನಯಾನವನ್ನು ಸರ್ಕಾರಿ ಸಂಸ್ಥೆಗಳಿಗೆ ಮೀಸಲಿಟ್ಟಿದ್ದ ಏರ್ ಕಾರ್ಪೊರೇಷನ್ಸ್ ಕಾಯ್ದೆ ರದ್ದಾದ ಮೇಲೆ ದರ ನಿರ್ಧಾರ ಸಂಸ್ಥೆಗಳ ಕೈಗೆ ಬಂತು, ಅದರ ಹಿಂದೆಯೇ ಈ ಏಣಿಯೂ ಬಂತು.

ಏಣಿಯ ಸ್ವರೂಪ ತಿಳಿದರೆ ಕೈಗೆ ಹತ್ತುವ ಒಂದು ಲಾಭವಿದೆ. ನಾಲ್ಕು ಜನರ ಕುಟುಂಬವೊಂದು ಹುಡುಕುತ್ತಿದೆ. ಕೆಳ ಮೆಟ್ಟಿಲಿನಲ್ಲಿ 4,200 ರೂಪಾಯಿಯ 3 ಟಿಕೆಟ್ ಉಳಿದಿವೆ, ಮುಂದಿನ ಮೆಟ್ಟಿಲು 5,100ರದ್ದು. ನಾಲ್ಕು ಪ್ರಯಾಣಿಕರೆಂದು ನಮೂದಿಸಿದರೆ ಹೆಚ್ಚಿನ ಮಾರಾಟ ವ್ಯವಸ್ಥೆಗಳು ನಾಲ್ವರನ್ನೂ ಒಟ್ಟಿಗೆ ಹಿಡಿಸುವ ಮೆಟ್ಟಿಲನ್ನು ಹುಡುಕುತ್ತವೆ, ಅಂದರೆ ನಾಲ್ಕೂ ಟಿಕೆಟ್ 5,100ಕ್ಕೇ, ಒಟ್ಟು 20,400. ಮೂವರಿಗೆ ಒಮ್ಮೆ, ಒಬ್ಬರಿಗೆ ಒಮ್ಮೆ ಕೊಂಡರೆ 12,600 ಮತ್ತು 5,100 ಸೇರಿ 17,700. ಉಳಿತಾಯ 2,700. ಆದ್ದರಿಂದ ದರ ಅನುಮಾನಾಸ್ಪದವಾಗಿ ಹೆಚ್ಚು ಕಂಡರೆ ಮೊದಲು ಒಬ್ಬರಿಗೆ ಹುಡುಕಿ ನೋಡಿ, ಆಮೇಲೆ ಇಬ್ಬರಿಗೆ, ಮೂವರಿಗೆ. ಆದರೆ ಹೀಗೆ ಒಡೆದು ಕೊಂಡರೆ ಎರಡು ಪಿಎನ್‌ಆರ್ ಆಗುತ್ತವೆ. ವಿಮಾನ ರದ್ದಾದ ದಿನ ಮೂವರನ್ನು ಬೆಳಗಿನ ವಿಮಾನಕ್ಕೂ ಒಬ್ಬರನ್ನು ರಾತ್ರಿಯದಕ್ಕೂ ಹಾಕುವ ಅಪಾಯ ಇದ್ದೇ ಇದೆ, ಮಕ್ಕಳನ್ನಂತೂ ಒಂಟಿ ಪಿಎನ್‌ಆರ್‌ನಲ್ಲಿ ಬಿಡುವಂತಿಲ್ಲ. ಅನುಕೂಲ ಶುಲ್ಕವನ್ನು ಪ್ರತಿ ಬುಕಿಂಗ್‌ಗೆ ಹಾಕುವ ಜಾಲತಾಣಗಳಲ್ಲಿ ಅದನ್ನು ಎರಡು ಬಾರಿ ತೆರಬೇಕಾದ್ದರಿಂದ ಉಳಿತಾಯದ ಒಂದು ಪಾಲು ಅಲ್ಲಿಯೇ ಕರಗುತ್ತದೆ. ಸಾವಿರಾರು ರೂಪಾಯಿಯ ವ್ಯತ್ಯಾಸವಿದ್ದಾಗ ಮಾತ್ರ ಇದು ಮಾಡತಕ್ಕ ಕೆಲಸ.

ದರ ಅರ್ಧ ಗಂಟೆಯಲ್ಲಿ ಏರಿ, ಮರುದಿನ ಮತ್ತೆ ಇಳಿಯುವುದರ ಹಿಂದೆಯೂ ಇದೇ ಏಣಿ ಇದೆ. ಯಾರೋ ಒಬ್ಬರು ಟಿಕೆಟ್ ಆರಿಸಿ ಹಣ ಪಾವತಿಯ ಪುಟದವರೆಗೆ ಬಂದರೆ ಆ ಸೀಟು ಕೆಲವು ನಿಮಿಷ ಅವರ ಹೆಸರಿನಲ್ಲಿ ಹಿಡಿಯಲ್ಪಡುತ್ತದೆ. ಒಟಿಪಿ ಬಾರದೆಯೋ ಮನಸ್ಸು ಬದಲಾಗಿಯೋ ಅವರು ಹಿಂದೆ ಸರಿದರೆ ಅದು ಮರಳಿ ಕೆಳ ಮೆಟ್ಟಿಲಿಗೆ ಬೀಳುತ್ತದೆ. ಏಜೆಂಟರು ಗುಂಪು ಪ್ರಯಾಣಕ್ಕೆಂದು ಹಿಡಿದಿಟ್ಟ ಸೀಟುಗಳು ಗಡುವು ಮುಗಿದ ದಿನ ಒಟ್ಟಿಗೆ ಹತ್ತಾರು ಬಿಡುಗಡೆಯಾಗುತ್ತವೆ. ಕೆಲವು ದರಗಳಿಗೆ ‘ಪ್ರಯಾಣಕ್ಕೆ 14 ದಿನ ಮುಂಚೆ’, ‘7 ದಿನ ಮುಂಚೆ’ ಎಂಬ ಬೇಲಿಗಳಿರುತ್ತವೆ; ಮೆಟ್ಟಿಲಿನಲ್ಲಿ ಸೀಟು ಇದ್ದರೂ ಮಧ್ಯರಾತ್ರಿ ಕಳೆದು ಬೇಲಿ ಮುಚ್ಚಿದರೆ ಆ ದರ ಸಿಗುವುದಿಲ್ಲ. ಹೀಗಿರುವಾಗ ‘ನಾನು ಪದೇ ಪದೇ ಹುಡುಕಿದ್ದಕ್ಕೇ ಜಾಲತಾಣ ದರ ಏರಿಸಿತು’ ಎಂಬ ಜನಪ್ರಿಯ ನಂಬಿಕೆಯ ನೆರವಿಲ್ಲದೆಯೇ ನಾವು ನಿತ್ಯ ಕಾಣುವ ಏರಿಳಿತಗಳನ್ನು ವಿವರಿಸಬಹುದು. ಹಿಂದಿನ ಹುಡುಕಾಟಗಳನ್ನು ನೆನಪಿಡದ ಇನ್‌ಕಾಗ್ನಿಟೊ ಕಿಟಕಿಯಲ್ಲಿ ಹುಡುಕುವುದರಿಂದ ಹಾನಿಯೇನೂ ಇಲ್ಲ, ಮತ್ತೊಮ್ಮೆ ಲಾಗಿನ್ ಆಗುವ ಕೆಲಸ ಹೆಚ್ಚುತ್ತದೆ ಅಷ್ಟೆ.

ಇಲ್ಲಿಯವರೆಗೆ ಹೇಳಿದ್ದು ಸಂಸ್ಥೆಯ ಒಳಗಿನ ಲೆಕ್ಕ. ಅದು ನಮ್ಮ ಫೋನಿನ ಪರದೆಗೆ ಬರುವ ದಾರಿಯಲ್ಲಿ ಇನ್ನಷ್ಟು ಮಸುಕಾಗುತ್ತದೆ. ಹುಡುಕಾಟದ ಒಂದು ಸಾಲು ಫಲಿತಾಂಶ ಮೂರು ಬೇರೆ ಬೇರೆ ಮೂಲಗಳನ್ನು ಹೊಲಿದು ಮಾಡಿದ್ದು. ಯಾವ ವಿಮಾನ ಎಷ್ಟು ಹೊತ್ತಿಗೆ ಹಾರುತ್ತದೆ ಎಂಬ ವೇಳಾಪಟ್ಟಿ ಒಂದು ಕಡೆಯಿಂದ. ದರಗಳು ಮತ್ತು ಅವುಗಳ ನಿಯಮಗಳು ಇನ್ನೊಂದು ಕಡೆಯಿಂದ, ಅಂತರರಾಷ್ಟ್ರೀಯ ಸಂಸ್ಥೆಗಳದಾದರೆ ಬಹುಪಾಲು ಎಟಿಪಿಕೊ ಎಂಬ ಸಾಮಾನ್ಯ ಕಣಜದಿಂದ. ಯಾವ ಮೆಟ್ಟಿಲು ತೆರೆದಿದೆ ಎಂಬುದು ಸಂಸ್ಥೆಯ ಸ್ವಂತ ಕಂಪ್ಯೂಟರಿನಿಂದ. ಅಮೆಡಿಯಸ್, ಸೇಬರ್, ಟ್ರಾವೆಲ್‌ಪೋರ್ಟ್ ಎಂಬ ಮೂರು ದೊಡ್ಡ ಜಾಲಗಳು ಈ ಹೊಲಿಗೆಯ ಕೆಲಸವನ್ನು ಏಜೆಂಟರಿಗಾಗಿ ಮಾಡುತ್ತ ಬಂದಿವೆ. ಇಂಡಿಗೋದಂತಹ ಕಡಿಮೆ ದರದ ಸಂಸ್ಥೆಗಳು ನ್ಯಾವಿಟೇರ್ ಎಂಬ ಬೇರೆ ವ್ಯವಸ್ಥೆಯನ್ನು ಬಳಸುತ್ತವೆ. ಅದನ್ನೂ 2016ರಲ್ಲಿ ಅಮೆಡಿಯಸ್ ಕೊಂಡುಕೊಂಡಿತು.

ಮೊದಲೆರಡು ಮೂಲಗಳು ದಿನಕ್ಕೆ ಕೆಲವು ಬಾರಿ ಬದಲಾದರೆ, ಮೂರನೆಯದು ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಒಂದು ಟಿಕೆಟ್ ಮಾರಾಟವಾಗುವ ಮೊದಲು ನೂರಾರು, ಕೆಲವೊಮ್ಮೆ ಸಾವಿರಾರು ಹುಡುಕಾಟಗಳು ನಡೆದಿರುತ್ತವೆ. ಪ್ರತಿ ಹುಡುಕಾಟಕ್ಕೂ ಸಂಸ್ಥೆಯ ಕಂಪ್ಯೂಟರನ್ನೇ ಕೇಳುವುದು ದುಬಾರಿಯೂ ನಿಧಾನವೂ ಆದ್ದರಿಂದ ಜಾಲತಾಣಗಳು ಸ್ವಲ್ಪ ಹೊತ್ತಿನ ಹಿಂದೆ ಸಿಕ್ಕ ಉತ್ತರವನ್ನೇ ಕಾಪಿಟ್ಟುಕೊಂಡು ತೋರಿಸುತ್ತವೆ. ನಾವು ಆ ಸಾಲನ್ನು ಒತ್ತಿ ಹೆಸರು ವಿಳಾಸ ತುಂಬಿ ಮುಂದಕ್ಕೆ ಹೋದಾಗಲೇ ನಿಜವಾದ ವಿಚಾರಣೆ ನಡೆಯುವುದು. ‘ಕ್ಷಮಿಸಿ, ದರ 850 ರೂಪಾಯಿ ಹೆಚ್ಚಾಗಿದೆ’ ಎಂಬ ಕಿಟಕಿ ತೆರೆದುಕೊಳ್ಳುವುದು ಆ ಹೊತ್ತಿಗೆ. ಹಲವು ಸಂಸ್ಥೆಗಳ ದರಗಳನ್ನು ಸಾಲಾಗಿ ತೋರಿಸಿ ಬೇರೆ ಜಾಲತಾಣಕ್ಕೆ ಕಳಿಸುವ ತಾಣಗಳಲ್ಲಿ ಇದು ಹೆಚ್ಚು, ಸಂಸ್ಥೆಯ ಸ್ವಂತ ತಾಣದಲ್ಲಿ ಕಡಿಮೆ. ದಾರಿ ಹುಡುಕಲು ಮೊದಲನೆಯದು, ಕೊಳ್ಳುವ ಮೊದಲು ತಾಳೆ ನೋಡಲು ಎರಡನೆಯದು ಎಂಬ ರೂಢಿ ಇಟ್ಟುಕೊಂಡವರಿಗೆ ತೊಂದರೆ ಕಡಿಮೆ.

ಈ ಹೊಲಿಗೆ ಎಷ್ಟು ಕಠಿಣ ಎಂಬುದಕ್ಕೆ ಒಂದು ಸಾಕ್ಷಿ: ಎಂಐಟಿಯ ಕಂಪ್ಯೂಟರ್ ವಿಜ್ಞಾನಿಗಳು 1996ರಲ್ಲಿ ಆರಂಭಿಸಿದ ಐಟಿಎ ಸಾಫ್ಟ್‌ವೇರ್ ಸಂಸ್ಥೆಯ ಮುಖ್ಯ ಕೆಲಸವೇ ದರ ಹುಡುಕಾಟವಾಗಿತ್ತು, ಅದನ್ನು ಗೂಗಲ್ 70 ಕೋಟಿ ಡಾಲರ್ ಕೊಟ್ಟು 2011ರಲ್ಲಿ ಕೊಂಡುಕೊಂಡಿತು. ಬೆಂಗಳೂರಿನಿಂದ ಅಮೆರಿಕದ ಒಂದು ಸಣ್ಣ ಊರಿಗೆ ಹೋಗಿಬರುವ ಪ್ರಯಾಣಕ್ಕೆ ಎಷ್ಟು ದಾರಿಗಳು, ಪ್ರತಿ ದಾರಿಯಲ್ಲಿ ಎಷ್ಟು ವಿಮಾನಗಳು, ಪ್ರತಿ ವಿಮಾನದಲ್ಲಿ ಎಷ್ಟು ಮೆಟ್ಟಿಲುಗಳು ಎಂದು ಗುಣಿಸುತ್ತ ಹೋದರೆ ಸಂಖ್ಯೆ ಕೋಟಿಗಳನ್ನು ದಾಟುತ್ತದೆ. ಯಾವ ತಾಣವೂ ಎಲ್ಲವನ್ನೂ ಪರೀಕ್ಷಿಸುವುದಿಲ್ಲ. ಪರದೆಯಲ್ಲಿ ಕಾಣದ್ದು ಇಲ್ಲವೆಂದಲ್ಲ, ಹುಡುಕಲಿಲ್ಲವೆಂದೂ ಇರಬಹುದು.

ಕಂಡದ್ದರ ಅನುಕ್ರಮವೂ ತಟಸ್ಥವಲ್ಲ. ಸೇಬರ್ ಜಾಲ ಅಮೆರಿಕನ್ ಏರ್‌ಲೈನ್ಸ್‌ನ ಸ್ವತ್ತಾಗಿದ್ದ ಕಾಲದಲ್ಲಿ ಆ ಸಂಸ್ಥೆಯ ವಿಮಾನಗಳು ಪರದೆಯ ಮೇಲ್ಭಾಗದಲ್ಲಿ ಬರುತ್ತಿದ್ದವು. ಏಜೆಂಟರು ಮೊದಲ ಪುಟದ ಮೊದಲ ಸಾಲುಗಳನ್ನೇ ಹೆಚ್ಚಾಗಿ ಮಾರುತ್ತಾರೆಂಬುದು ಎಲ್ಲರಿಗೂ ತಿಳಿದಿತ್ತು. 1984ರಲ್ಲಿ ಅಮೆರಿಕ ಸರ್ಕಾರ ಇಂತಹ ಪಕ್ಷಪಾತವನ್ನು ನಿಷೇಧಿಸುವ ನಿಯಮ ತಂದಿತು, 2004ರಲ್ಲಿ ಆ ನಿಯಮಗಳನ್ನು ಕೈಬಿಟ್ಟಿತು. ಇಂದಿನ ತಾಣಗಳಲ್ಲಿ ‘ಅತ್ಯುತ್ತಮ’ ಎಂಬ ಹಣೆಪಟ್ಟಿಯ ಕೆಳಗೆ ಬರುವ ಕ್ರಮ ದರ, ಅವಧಿ, ನಿಲುಗಡೆಗಳ ಯಾವ ಮಿಶ್ರಣ ಎಂಬುದು ತಾಣದ ಗುಟ್ಟು. ಒಂದೇ ವಿಮಾನ ಕೋಡ್‌ಶೇರ್ ಕಾರಣದಿಂದ, ಅಂದರೆ ಒಂದು ಸಂಸ್ಥೆ ಹಾರಿಸುವ ವಿಮಾನದ ಟಿಕೆಟ್ಟನ್ನು ಇನ್ನೊಂದು ಸಂಸ್ಥೆಯೂ ತನ್ನ ಸಂಖ್ಯೆಯಲ್ಲಿ ಮಾರುವುದರಿಂದ, ಎರಡು ಮೂರು ಸಂಖ್ಯೆಗಳಲ್ಲಿ, ಎರಡು ಮೂರು ದರಗಳಲ್ಲಿ ಕಾಣಿಸಿಕೊಂಡು ಆಯ್ಕೆ ಹೆಚ್ಚಿರುವ ಭ್ರಮೆ ಹುಟ್ಟಿಸುವುದೂ ಉಂಟು. ಹೊರಡುವ ಮತ್ತು ತಲುಪುವ ಸಮಯ ನಿಮಿಷದ ಮಟ್ಟಕ್ಕೆ ಒಂದೇ ಇದ್ದರೆ ‘ಹಾರಿಸುವ ಸಂಸ್ಥೆ’ ಎಂಬ ಸಣ್ಣ ಅಕ್ಷರದ ಸಾಲನ್ನು ಓದಬೇಕು.

ವಿಮಾನ ಬದಲಿಸುವ ಪ್ರಯಾಣಗಳಲ್ಲಿ ಲೆಕ್ಕ ಇನ್ನೂ ವಿಚಿತ್ರ. ಮಂಗಳೂರಿನಿಂದ ಬೆಂಗಳೂರಿನ ಮೂಲಕ ದೆಹಲಿಗೆ ಒಂದೇ ಟಿಕೆಟ್ ಕೇಳಿದಾಗ ಕಡಿಮೆ ಮೆಟ್ಟಿಲು ತೆರೆದಿರಬಹುದು, ಆದರೆ ಅದೇ ಬೆಂಗಳೂರು–ದೆಹಲಿ ವಿಮಾನವನ್ನು ಒಂಟಿಯಾಗಿ ಕೇಳಿದರೆ ಆ ಮೆಟ್ಟಿಲು ಮುಚ್ಚಿರಬಹುದು. ಇದರ ತಿರುವುಮುರುವೂ ಸಾಧ್ಯ. ಕಾರಣ, ದೊಡ್ಡ ಸಂಸ್ಥೆಗಳು ಒಂದೊಂದು ಹಾರಾಟವನ್ನು ಬಿಡಿಯಾಗಿ ನೋಡದೆ ಪ್ರಯಾಣಿಕನ ಇಡೀ ದಾರಿಯಿಂದ ಬರುವ ಹಣವನ್ನು ತೂಗುತ್ತವೆ. ಎರಡು ಹಾರಾಟಗಳನ್ನು ಗಂಟು ಹಾಕಿ ಮಾರುವ ಈ ಪದ್ಧತಿಗೆ ಉದ್ಯಮದಲ್ಲಿ ಮ್ಯಾರೀಡ್ ಸೆಗ್ಮೆಂಟ್ ಎಂದು ಹೆಸರು, ಗಂಟು ಬಿಚ್ಚಲು ಹೋದರೆ ದರ ಬದಲಾಗುತ್ತದೆ. ಇಡೀ ದಾರಿಯ ಟಿಕೆಟ್ ಅಗ್ಗವೆಂದು ಕೊಂಡು, ಮೊದಲ ಹಾರಾಟವನ್ನು ಬಿಟ್ಟು ಬೆಂಗಳೂರಿನಲ್ಲಿ ಹತ್ತಲು ಹೋದರೆ, ಬಾರದ ಪ್ರಯಾಣಿಕನೆಂದು ಉಳಿದ ಹಾರಾಟಗಳನ್ನೂ ಸಂಸ್ಥೆ ರದ್ದು ಮಾಡಿರುತ್ತದೆ.

ನಡುವಿನ ಸಮಯದ ವಿಷಯವೂ ಇದೆ. ಪ್ರತಿ ವಿಮಾನ ನಿಲ್ದಾಣಕ್ಕೂ ವಿಮಾನ ಬದಲಿಸಲು ಬೇಕಾದ ಕನಿಷ್ಠ ಸಮಯ ನಿಗದಿಯಾಗಿರುತ್ತದೆ. ಅದಕ್ಕಿಂತ ಕಡಿಮೆ ಅಂತರದ ಜೋಡಣೆ ಒಂದೇ ಟಿಕೆಟ್‌ನ ಫಲಿತಾಂಶಗಳಲ್ಲಿ ಬರುವುದೇ ಇಲ್ಲ. ಬೆಂಗಳೂರಿನಲ್ಲಿ 2023ರ ಸೆಪ್ಟೆಂಬರ್‌ನಿಂದ ಅಂತರರಾಷ್ಟ್ರೀಯ ವಿಮಾನಗಳೆಲ್ಲ ಟರ್ಮಿನಲ್ 2ಕ್ಕೆ ಹೋಗಿವೆ. ಟರ್ಮಿನಲ್ 1ರಲ್ಲಿ ಇಳಿದವರು ಅಲ್ಲಿಗೆ ಹೋಗಿ ಸೇರಬೇಕಾದ್ದರಿಂದ ಗಡಿಯಾರದಲ್ಲಿ ಸಾಕೆನಿಸುವ ಅಂತರವೂ ಸಾಲದೆ ಹೋಗಬಹುದು. ಕೆಲವು ತಾಣಗಳು ಎರಡು ಬೇರೆ ಬೇರೆ ಟಿಕೆಟ್‌ಗಳನ್ನು ತಾವೇ ಜೋಡಿಸಿ ‘ಸೆಲ್ಫ್ ಟ್ರಾನ್ಸ್‌ಫರ್’ ಎಂದು ಅಗ್ಗವಾಗಿ ತೋರಿಸುತ್ತವೆ. ಅಲ್ಲಿ ಮೊದಲ ವಿಮಾನ ತಡವಾದರೆ ಎರಡನೆಯದರ ಹೊಣೆ ಯಾರದೂ ಅಲ್ಲ. ವಿದೇಶಿ ನಿಲ್ದಾಣವಾದರೆ ಸಾಮಾನು ಬಿಡಿಸಿಕೊಂಡು ಮತ್ತೆ ಚೆಕ್-ಇನ್ ಮಾಡಲು ಆ ದೇಶದೊಳಗೆ ಕಾಲಿಡಬೇಕು, ಅದಕ್ಕೆ ವೀಸಾ ಬೇಕಾಗಬಹುದು. ಫಲಿತಾಂಶಗಳ ಪಟ್ಟಿಯಲ್ಲಿ ನನ್ನ ಮಟ್ಟಿಗೆ ಅತ್ಯಂತ ಅಪಾಯದ ಸಾಲು ಇದೇ, ಮತ್ತು ದರದ ಪ್ರಕಾರ ಜೋಡಿಸಿದಾಗ ಮೇಲೆ ಬಂದು ಕೂರುವುದೂ ಬಹಳ ಸಲ ಇದೇ.

ಹೊರನಾಡಿನ ಕನ್ನಡಿಗರಿಗೆ ಸಂಬಂಧಿಸಿದ ಒಂದೆರಡು ಮಾತು ಇಲ್ಲಿ ಸೇರಬೇಕು. ಲಂಡನ್ನಿನಲ್ಲಿರುವ ಮಗ ಬೆಂಗಳೂರಿನಲ್ಲಿರುವ ತಂದೆತಾಯಿಗೆ ಟಿಕೆಟ್ ಕೊಳ್ಳುವಾಗ, ಬೆಂಗಳೂರಿನಿಂದ ಹೊರಟು ಬೆಂಗಳೂರಿಗೆ ಮರಳುವ ಪ್ರಯಾಣದ ಏಣಿಯೇ ಬೇರೆ, ತಾನು ಲಂಡನ್ನಿನಿಂದ ಹೋಗಿಬರುವ ಏಣಿಯೇ ಬೇರೆ. ವಿಮಾನ ಒಂದೇ ಇದ್ದರೂ ಪ್ರಯಾಣ ಆರಂಭವಾಗುವ ಊರಿನ ಮಾರುಕಟ್ಟೆಗೆ ತಕ್ಕಂತೆ ದರ ನಿಗದಿಯಾಗಿರುತ್ತದೆ. ಕರಾವಳಿಯವರಿಗೆ ಗಲ್ಫ್ ದಾರಿಯ ಏರಿಳಿತ ಚೆನ್ನಾಗಿ ಗೊತ್ತು: ಅಲ್ಲಿನ ಶಾಲೆಗಳಿಗೆ ಬೇಸಿಗೆ ರಜೆ ಬಿಟ್ಟಾಗ ದುಬೈಯಿಂದ ಮಂಗಳೂರಿಗೆ ಬರುವ ದರ ಆಕಾಶಕ್ಕೇರುತ್ತದೆ, ಅದೇ ದಿನ ಮಂಗಳೂರಿನಿಂದ ದುಬೈಗೆ ಹೋಗುವ ದರ ನೆಲಕಚ್ಚಿರುತ್ತದೆ; ಆಗಸ್ಟ್ ಕೊನೆಯಲ್ಲಿ ಲೆಕ್ಕ ತಿರುಗುತ್ತದೆ. ಇದರ ಮೇಲೆ ಒಂದು ಸರ್ಕಾರಿ ಮಿತಿಯೂ ಇದೆ. ಭಾರತ ಮತ್ತು ದುಬೈ ನಡುವಿನ ಒಪ್ಪಂದದ ಪ್ರಕಾರ ಎರಡೂ ಕಡೆಯ ಸಂಸ್ಥೆಗಳು ವಾರಕ್ಕೆ ತಲಾ ಸುಮಾರು 66 ಸಾವಿರ ಸೀಟುಗಳಷ್ಟೇ ಹಾರಿಸಬಹುದು. ಬೇಡಿಕೆ ಎಷ್ಟೇ ಇದ್ದರೂ ಈ ಮಿತಿಯೊಳಗೇ ಹಂಚಿಕೆಯಾಗಬೇಕು, ಹಾಗಾಗಿ ಕೆಳ ಮೆಟ್ಟಿಲುಗಳನ್ನು ಹೆಚ್ಚು ಹೊತ್ತು ತೆರೆದಿಡುವ ಒತ್ತಡ ಸಂಸ್ಥೆಗಳಿಗಿಲ್ಲ.

ಕೆಳ ಮೆಟ್ಟಿಲಿನ ಅಗಲವನ್ನು ಸರ್ಕಾರವೇ ನಿಗದಿ ಮಾಡಿದ ಒಂದು ಪ್ರಸಂಗ ನಮ್ಮಲ್ಲಿಯೇ ಇದೆ. ಸಣ್ಣ ಊರುಗಳಿಗೆ ವಿಮಾನ ಸಂಪರ್ಕ ಕೊಡುವ ಕೇಂದ್ರದ ಉಡಾನ್ ಯೋಜನೆಯಲ್ಲಿ ಮಾರ್ಗ ಪಡೆದ ಸಂಸ್ಥೆ ತನ್ನ ವಿಮಾನದ ಅರ್ಧದಷ್ಟು ಸೀಟುಗಳನ್ನು, ಕನಿಷ್ಠ 9, ಗರಿಷ್ಠ 40, ದೂರಕ್ಕೆ ಅನುಗುಣವಾದ ಮಿತ ದರದಲ್ಲಿ ಮಾರಬೇಕು. ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿ ಎಂಬ ಪ್ರಚಾರ ಹುಟ್ಟಿದ್ದು ಇದರಿಂದ. 78 ಆಸನಗಳ ಎಟಿಆರ್ ವಿಮಾನದಲ್ಲಿ ಹೀಗೆ 39 ಸೀಟು ಮಿತ ದರಕ್ಕೆ, ಉಳಿದ 39 ಮಾರುಕಟ್ಟೆಯ ದರಕ್ಕೆ. ಹುಬ್ಬಳ್ಳಿ, ಬೆಳಗಾವಿ, ಮೈಸೂರು, ಕಲಬುರಗಿ, ಬೀದರ್‌ಗಳಿಂದ ಉಡಾನ್ ಮಾರ್ಗಗಳು ಆರಂಭವಾದಾಗ ‘ಹೇಳಿದ ದರ ಸಿಗುತ್ತಲೇ ಇಲ್ಲ’ ಎಂಬ ದೂರು ಕೇಳಿಬರುತ್ತಿದ್ದುದಕ್ಕೆ ಉತ್ತರ ಈ ಹಂಚಿಕೆಯಲ್ಲಿದೆ: ಮೊದಲ 39 ಮುಗಿದ ಮೇಲೆ ಹುಡುಕಿದವರಿಗೆ ಕಾಣುವುದು ಎರಡನೆಯ ಅರ್ಧ. ಇದಕ್ಕಾಗಿ ಸಂಸ್ಥೆಗೆ ಸಿಗುವ ಸಬ್ಸಿಡಿಯ ಮೂರು ವರ್ಷ ಮುಗಿದ ಮೇಲೆ ಆ ಕಟ್ಟುಪಾಡೂ ಇರುವುದಿಲ್ಲ.

ಏಣಿಯ ತುದಿ ಎಲ್ಲಿದೆ ಎಂಬುದನ್ನು ದೇಶ ಒಟ್ಟಾಗಿ ಕಂಡದ್ದು 2025ರ ಡಿಸೆಂಬರ್ ಮೊದಲ ವಾರದಲ್ಲಿ. ಪೈಲಟ್‌ಗಳ ಕೆಲಸದ ಅವಧಿ ಮತ್ತು ವಿಶ್ರಾಂತಿಯ ಹೊಸ ನಿಯಮಗಳ ಎರಡನೇ ಹಂತ ನವೆಂಬರ್ 1ರಂದು ಜಾರಿಗೆ ಬಂದಿತ್ತು. ಅದಕ್ಕೆ ತಕ್ಕಷ್ಟು ಸಿದ್ಧತೆ ಮಾಡಿಕೊಳ್ಳದ ಇಂಡಿಗೋ ಡಿಸೆಂಬರ್ 5ರ ಒಂದೇ ದಿನ ಸಾವಿರಕ್ಕೂ ಹೆಚ್ಚು ಹಾರಾಟಗಳನ್ನು ರದ್ದುಪಡಿಸಿತು. ದೇಶೀಯ ಪ್ರಯಾಣಿಕರಲ್ಲಿ ಶೇ 60ಕ್ಕೂ ಹೆಚ್ಚು ಮಂದಿಯನ್ನು ಹೊತ್ತೊಯ್ಯುತ್ತಿದ್ದ ಸಂಸ್ಥೆಯಿಂದ ಹೊರಬಿದ್ದ ಜನ ಉಳಿದ ಸಂಸ್ಥೆಗಳ ಮೇಲೆ ಬಿದ್ದಾಗ, ಅವುಗಳ ಕೆಳಗಿನ ಮತ್ತು ನಡುವಿನ ಮೆಟ್ಟಿಲುಗಳು ನೋಡನೋಡುತ್ತಿದ್ದಂತೆ ಖಾಲಿಯಾದವು. ಆಮೇಲೆ ಪರದೆಯಲ್ಲಿ ಉಳಿದದ್ದು ತುದಿಯ ದರಗಳು, ಜೊತೆಗೆ ದೇಶವನ್ನೆಲ್ಲ ಸುತ್ತಿ ಬರುವ ವಿಚಿತ್ರ ಜೋಡಣೆಗಳು. ಯಾರೋ ಕೂತು ಆ ದಿನಕ್ಕೆಂದೇ ಹೊಸ ದರ ಬರೆಯಬೇಕಾದ ಅಗತ್ಯ ಅಲ್ಲಿರಲಿಲ್ಲ. ತುದಿಯ ಮೆಟ್ಟಿಲು ಪಟ್ಟಿಯಲ್ಲಿ ಮೊದಲೇ ಇರುತ್ತದೆ. ಸಾಮಾನ್ಯ ದಿನಗಳಲ್ಲಿ ಅಲ್ಲಿಯವರೆಗೆ ಹತ್ತುವವರು ವಿರಳ.

ಡಿಸೆಂಬರ್ 6ರಂದು ಕೇಂದ್ರ ಸರ್ಕಾರ ಮಿತಿ ಹೇರಿತು: 500 ಕಿಲೋಮೀಟರ್‌ವರೆಗೆ 7,500 ರೂಪಾಯಿ, 1,000 ಕಿಲೋಮೀಟರ್‌ವರೆಗೆ 12,000, 1,500ರವರೆಗೆ 15,000, ಅದಕ್ಕೂ ಮೇಲ್ಪಟ್ಟು 18,000, ತೆರಿಗೆ ಮತ್ತು ನಿಲ್ದಾಣದ ಶುಲ್ಕಗಳು ಬೇರೆ. ಕೋವಿಡ್ ಕಾಲದಲ್ಲಿ, 2020ರ ಮೇ ತಿಂಗಳಿನಿಂದ 2022ರ ಆಗಸ್ಟ್‌ವರೆಗೆ, ಇಂತಹದೇ ಮಿತಿಗಳಿದ್ದವು. ಬಿಕ್ಕಟ್ಟಿನ ವಾರದಲ್ಲಿ ಇದು ಸರಿಯಾದ ಕ್ರಮವೆಂದೇ ನನ್ನ ಅಭಿಪ್ರಾಯ, ಏಕೆಂದರೆ ಬೆಲೆ ಏರಿದಷ್ಟಕ್ಕೆ ಮರುದಿನ ಹೊಸ ವಿಮಾನಗಳೂ ಪೈಲಟ್‌ಗಳೂ ಹುಟ್ಟಿ ಬರುವುದಿಲ್ಲ; ಏರಿದ ಬೆಲೆ ಇದ್ದ ಸೀಟುಗಳನ್ನು ಹಣವಂತರ ಕಡೆಗೆ ತಿರುಗಿಸುತ್ತದೆ ಅಷ್ಟೆ. ಆದರೆ ಮಿತಿಯೂ ಸೀಟುಗಳನ್ನು ಹುಟ್ಟಿಸುವುದಿಲ್ಲ. ಏಣಿಯ ತುದಿಯನ್ನು ಕತ್ತರಿಸಿದರೆ ಉಳಿದ ಮೆಟ್ಟಿಲುಗಳು ಇನ್ನೂ ಬೇಗ ಬರಿದಾಗುತ್ತವೆ, ಆಮೇಲೆ ಹುಡುಕಿದವರಿಗೆ ದುಬಾರಿ ದರದ ಬದಲು ‘ವಿಮಾನಗಳಿಲ್ಲ’ ಎಂಬ ಉತ್ತರ ಸಿಗುತ್ತದೆ.

ಏಣಿಯೇ ಮಾಯವಾಗುವ ಕಾಲವೂ ದೂರವಿಲ್ಲ. ಅಕ್ಷರಗಳು 26 ಮಾತ್ರ ಎಂಬುದು ಹಳೆಯ ಕಂಪ್ಯೂಟರುಗಳ ಮಿತಿ. ಅಂತರರಾಷ್ಟ್ರೀಯ ವಿಮಾನ ಸಾರಿಗೆ ಸಂಘ 2012ರಲ್ಲಿ ಒಪ್ಪಿದ ಎನ್‌ಡಿಸಿ ಎಂಬ ಹೊಸ ಮಾನದಂಡದಲ್ಲಿ ಪ್ರತಿ ಹುಡುಕಾಟಕ್ಕೂ ಸಂಸ್ಥೆಯೇ ನೇರವಾಗಿ ಒಂದು ದರವನ್ನು ಲೆಕ್ಕ ಹಾಕಿ ಕಳಿಸಬಹುದು. ಮೆಟ್ಟಿಲುಗಳ ಬದಲು ಇಳಿಜಾರು. 2025ರಲ್ಲಿ ಅಮೆರಿಕದ ಡೆಲ್ಟಾ ಸಂಸ್ಥೆ, ವರ್ಷದ ಕೊನೆಯೊಳಗೆ ತನ್ನ ದೇಶೀಯ ದರಗಳಲ್ಲಿ ಶೇ 20ರಷ್ಟನ್ನು ಕೃತಕ ಬುದ್ಧಿಮತ್ತೆಯ ನೆರವಿನಿಂದ ನಿಗದಿಪಡಿಸುವ ಗುರಿ ಹೇಳಿಕೊಂಡಾಗ ಸೆನೆಟರ್‌ಗಳು ಪತ್ರ ಬರೆದು ಪ್ರಶ್ನಿಸಿದರು. ವೈಯಕ್ತಿಕ ಮಾಹಿತಿ ಬಳಸಿ ಒಬ್ಬೊಬ್ಬರಿಗೆ ಒಂದೊಂದು ದರ ಹಾಕುತ್ತಿಲ್ಲ ಎಂದು ಸಂಸ್ಥೆ ಉತ್ತರಿಸಿತು. ಇನ್‌ಕಾಗ್ನಿಟೊ ಕಿಟಕಿಯ ಬಗ್ಗೆ ಮೇಲೆ ಹೇಳಿದ್ದನ್ನು ಹತ್ತು ವರ್ಷದ ನಂತರವೂ ಇಷ್ಟೇ ಧೈರ್ಯದಿಂದ ಹೇಳಬಹುದೇ ಎಂಬುದು ಇಂತಹ ಉತ್ತರಗಳನ್ನು ಪರೀಕ್ಷಿಸುವ ವ್ಯವಸ್ಥೆ ಇದೆಯೇ ಎಂಬುದನ್ನು ಅವಲಂಬಿಸಿದೆ.

ನಮ್ಮಲ್ಲಿ ಅಂತಹ ವ್ಯವಸ್ಥೆ ತೆಳುವಾಗಿದೆ. ಸಂಸ್ಥೆಗಳು ತಮ್ಮ ದರಪಟ್ಟಿಯನ್ನು ಜಾಲತಾಣದಲ್ಲಿ ಪ್ರಕಟಿಸಬೇಕು. ಡಿಜಿಸಿಎಯ ದರ ನಿಗಾ ಘಟಕ ಆಯ್ದ ಮಾರ್ಗಗಳಲ್ಲಿ ದರಗಳು ಆ ಪಟ್ಟಿಯೊಳಗೇ ಇವೆಯೇ ಎಂದು ನೋಡುತ್ತದೆ. ಪಟ್ಟಿಯ ತುದಿಯನ್ನು ಸಾಕಷ್ಟು ಎತ್ತರದಲ್ಲಿ ಇಟ್ಟುಕೊಂಡ ಸಂಸ್ಥೆ ಈ ಪರೀಕ್ಷೆಯಲ್ಲಿ ಸೋಲುವುದು ಕಷ್ಟ. ಡಿಜಿಸಿಎಯ ಮಾಸಿಕ ಅಂಕಿಅಂಶಗಳಲ್ಲಿ ಪ್ರಯಾಣಿಕರ ಸಂಖ್ಯೆ, ಸೀಟು ಭರ್ತಿಯ ಪ್ರಮಾಣ, ಮಾರುಕಟ್ಟೆಯ ಪಾಲು ಎಲ್ಲ ಇರುತ್ತವೆ, ಯಾವ ದರದಲ್ಲಿ ಎಷ್ಟು ಟಿಕೆಟ್ ಹೋಯಿತು ಎಂಬುದು ಮಾತ್ರ ಇರುವುದಿಲ್ಲ. ಅಮೆರಿಕದಲ್ಲಿ ಮಾರಾಟವಾದ ಟಿಕೆಟ್‌ಗಳ ಒಂದು ಮಾದರಿಯನ್ನು, ಮಾರ್ಗ ಮತ್ತು ದರದ ಸಮೇತ, ಸಾರಿಗೆ ಇಲಾಖೆ ನಿಯತವಾಗಿ ಸಾರ್ವಜನಿಕರಿಗೆ ತೆರೆದಿಡುತ್ತದೆ. ಪ್ರಯಾಣ ಮುಗಿದ ಮೇಲಿನ ಮಾಹಿತಿಯಾದ್ದರಿಂದ ಸ್ಪರ್ಧೆಯ ಗುಟ್ಟು ಬಯಲಾಗುವ ಆತಂಕವೂ ಅಷ್ಟಿಲ್ಲ. ಅಂತಹ ಕಡತ ಇಲ್ಲಿಯೂ ಇದ್ದಿದ್ದರೆ, ದೀಪಾವಳಿಯ ವಾರ ಬೆಂಗಳೂರಿನಿಂದ ಬೆಳಗಾವಿಗೆ ಹೋದ ನೂರು ಜನರಲ್ಲಿ ಎಷ್ಟು ಮಂದಿ ಜಾಹೀರಾತಿನ ದರಕ್ಕೆ ಹೋದರು, ಎಷ್ಟು ಮಂದಿ ಅದರ ಮೂರು ಪಟ್ಟು ಕೊಟ್ಟರು ಎಂಬುದನ್ನು ಯಾವ ವರದಿಗಾರನೂ ಒಂದು ಮಧ್ಯಾಹ್ನದಲ್ಲಿ ಲೆಕ್ಕ ಹಾಕಿ ಬರೆಯಬಹುದಿತ್ತು.